ಹೊಡೆಸಿಕೊಂಡವಳ ಸಾಕ್ಷಿ

ಹತ್ತು ವರ್ಷ ಬೇರೆಯವರ ಅರ್ಜಿಗಳನ್ನೇ ತುಂಬಿದ್ದ ಪ್ರಮೀಳಾ ತನ್ನದೇ ಒಂದು ಅರ್ಜಿ ತುಂಬಲು ಕೂತದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ಶ್ರೀರಂಗಪಟ್ಟಣದ ಕೋರ್ಟಿನ ಎದುರಿಗಿರುವ ಗಫಾರ್ ಸಾಹೇಬರ ಟೈಪಿಂಗ್ ಅಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು, ಹುಡುಗರ ಕಾಲೇಜು ಅರ್ಜಿ, ಎಲ್ಲವೂ ಅವಳ ಬೆರಳುಗಳ ಕೆಳಗೆ ಹಾದು ಹೋಗುತ್ತಿದ್ದವು. ವಕೀಲರು ಅವಸರದಲ್ಲಿ ಗೀಚಿಕೊಟ್ಟ ಅರ್ಜಿಯಲ್ಲಿ ತಪ್ಪಿದ್ದರೆ ಅವಳೇ ಸದ್ದಿಲ್ಲದೆ ತಿದ್ದಿ ಕೊಡುತ್ತಿದ್ದಳು. ಅದನ್ನು ನೋಡೀ ನೋಡೀ ಗಫಾರ್ ಸಾಹೇಬರು ಎರಡು ವರ್ಷದಿಂದ ಒಂದೇ ಮಾತು ಹಿಡಿದಿದ್ದರು.

"ನೀನು ಲಾ ಓದು ಬೇಟಿ. ತಪ್ಪು ತಿದ್ದೋಳು ನೀನು, ಕೋಟು ಹಾಕ್ಕೊಂಡು ಓಡಾಡೋರು ಅವರು. ಇದ್ಯಾವ ನ್ಯಾಯ?"

ಮನೆಯಿಂದಲೇ ಓದಿ ಬಿ.ಎ. ಮುಗಿಸಿದ್ದಳು. ವಯಸ್ಸು ಮೂವತ್ತಮೂರು. ನಾಗಮಂಗಲದಲ್ಲಿ ಮೂರು ವರ್ಷದ ಕಾನೂನು ಪದವಿಯ ಕಾಲೇಜಿತ್ತು. ಕಿರಂಗೂರಿನ ಅವಳ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಹೆಸರು, ತಂದೆಯ ಹೆಸರು, ಗಂಡನ ಹೆಸರು, ಅಂಕಗಳು, ಫೋಟೊ. ಸರಸರನೆ ತುಂಬುತ್ತಾ ಹೋದವಳು ಹದಿನೇಳನೆಯ ಪ್ರಶ್ನೆಗೆ ಬಂದು ನಿಂತುಬಿಟ್ಟಳು.

'ನಿಮ್ಮ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ನ್ಯಾಯಾಲಯವು ನಿಮ್ಮನ್ನು ತಪ್ಪಿತಸ್ಥರೆಂದು ತೀರ್ಮಾನಿಸಿದೆಯೇ?' ಕೆಳಗೆ ಎರಡು ಸಣ್ಣ ವೃತ್ತಗಳು. ಹೌದು. ಇಲ್ಲ.

ಇದೇ ಪ್ರಶ್ನೆಗೆ ಎಷ್ಟೋ ಹುಡುಗರ ಪರವಾಗಿ ಅವಳು 'ಇಲ್ಲ' ಒತ್ತಿದ್ದಳು. ಒತ್ತುವ ಮುಂಚೆ ಒಮ್ಮೆಯೂ ತಲೆಯೆತ್ತಿ ಅವರ ಮುಖ ನೋಡಿರಲಿಲ್ಲ.

ಗಂಡ ಕುಮಾರ್ ಲಗೇಜ್ ಆಟೊ ಓಡಿಸುತ್ತಿದ್ದ. ಊಟದ ಹೊತ್ತಿಗೆ ಅಂಗಡಿಗೆ ಬಂದವನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇಲ್ಲ ಅಂತ ಒತ್ತಮ್ಮಿ. ಅನ್ನೆರಡು ವರ್ಸದ್ದು ಈಗ ಯಾವನು ಕೆದಕ್ತಾನೆ?"

"ಕೆದಕುದ್ರೆ?"

"ಕೆದಕುದ್ರೆ ಆವಾಗ ನೋಡ್ಕಂಡ್ರಾಯ್ತು ಬುಡು. ಈಗ ಮೊದ್ಲು ಸೀಟು ಆಗ್ಲಿ."

ಗಫಾರ್ ಸಾಹೇಬರು ಸ್ಟಾಂಪು ಪೇಪರಿನ ಕಟ್ಟನ್ನು ಸುಮ್ಮನೆ ಸರಿಮಾಡುತ್ತಿದ್ದರು. ಪ್ರಮೀಳಾ ಅವರ ಕಡೆ ತಿರುಗಿದಾಗ, "ನನ್ನ ಕೇಳ್ಬೇಡ ಬೇಟಿ," ಎಂದರು. "ಜೈಲಿಗೆ ಕಳಿಸದೆ ಮುಚ್ಚಳಿಕೆ ಮೇಲೆ ಬಿಟ್ಟೋರಿಗೆ ಆ ಕೇಸಿಂದ ಓದಿಗೆ ಅಡ್ಡಿ ಬರಬಾರದು ಅಂತ ಕಾನೂನೇನೋ ಐತೆ. ಆದ್ರೆ ಕಾಲೇಜಿನವರು ಕರೆದು ಕೇಳ್ತಾರೆ. ನಾಲ್ಕು ಜನದ ಮುಂದೆ ಕೂತು ಹೇಳ್ಬೇಕಾಗ್ತದೆ. ಹೇಳೋಳು ನೀನು, ಬೆರಳೂ ನಿಂದೇ."

ಹನ್ನೆರಡು ವರ್ಷದ ಹಿಂದೆ ಪ್ರಮೀಳಾ ಕೆ.ಆರ್.ಪೇಟೆ ಕಡೆಯ ಹೊಸಹೊಳಲಿನಿಂದ ಕಿರಂಗೂರಿಗೆ ಮದುವೆಯಾಗಿ ಬಂದ ಹೊಸತು. ಮಾವ ಪಾರ್ಶ್ವವಾಯು ಬಡಿದು ಮಲಗಿದ್ದರು, ಕುಮಾರ್ ಆಗ ಲಾರಿಯಲ್ಲಿ ಊರೂರು ಸುತ್ತುತ್ತಿದ್ದ. ಗದ್ದೆಯ ಕೆಲಸವೆಲ್ಲ ಅವಳ ತಲೆಯ ಮೇಲೆ. ನಾಲೆಯಲ್ಲಿ ನೀರು ಬಿಟ್ಟ ಕೂಡಲೇ ನಾಟಿ ಮಾಡಬೇಕೆಂದು ಬಿತ್ತನೆ ಭತ್ತ ಚೆಲ್ಲಿ, ಇಪ್ಪತ್ತು ದಿನ ಕಾದು ಪೈರು ಎಬ್ಬಿಸಿದ್ದಳು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪಕ್ಕದ ಗದ್ದೆಯ ಚಿಕ್ಕಬೋರಮ್ಮನ ಎರಡು ಎಮ್ಮೆಗಳು ಆ ಎಳೆ ಪೈರಿನಲ್ಲಿ ಮಂಡಿಯೂರಿ ಮಲಗಿದ್ದವು. ಮುಕ್ಕಾಲು ಪಾಲು ತಿಂದು, ಉಳಿದದ್ದನ್ನು ತುಳಿದಿದ್ದವು. ಚಿಕ್ಕಬೋರಮ್ಮ ಬದುವಿನ ಮೇಲೆ ನಿಂತು, "ಬೇಲಿ ಕಟ್ಕಳಾಕೆ ಏನಾಗಿತ್ತು ನಿಂಗೆ?" ಎಂದಳು. ಪ್ರಮೀಳಾಳ ಕೈಯಲ್ಲಿ ಗುದ್ದಲಿಯ ಕಾವಿತ್ತು. ಬೀಸಿದಳು. ಮುಖಕ್ಕೆ ಅಡ್ಡ ಹಿಡಿದ ಮುದುಕಿಯ ಎಡಗೈ ಲಟಕ್ಕೆಂದಿತು.

ಆ ಸದ್ದು ಕೇಳಿದ ಮರುಕ್ಷಣವೇ ಅವಳ ಸಿಟ್ಟು ಇಳಿದು ಹೋಗಿತ್ತು. ಕಾವನ್ನು ಎಸೆದು, ಮುದುಕಿಯನ್ನು ತಬ್ಬಿ ಹಿಡಿದು ರಸ್ತೆಯವರೆಗೆ ನಡೆಸಿಕೊಂಡು ಬಂದು ಆಸ್ಪತ್ರೆಗೆ ಸೇರಿಸಿದವಳೂ ಅವಳೇ. ಆದರೆ ಸಂಜೆಯ ಹೊತ್ತಿಗೆ ಚಿಕ್ಕಬೋರಮ್ಮನ ಅಣ್ಣನ ಮಕ್ಕಳು ಪೊಲೀಸ್ ಠಾಣೆಯಲ್ಲಿದ್ದರು. ಕೇಸಾಯಿತು.

ಚಿಕ್ಕಬೋರಮ್ಮ ವಿಧವೆ, ಮಕ್ಕಳಿಲ್ಲ. ಆ ಎರಡು ಎಮ್ಮೆಗಳ ಹಾಲೇ ಅವಳ ಜೀವನ. ಕೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳ ಕೊಟ್ಟಿಗೆಯ ಬಾಗಿಲಲ್ಲಿ ಪ್ರಮೀಳಾ ತಂಬಿಗೆ ಹಿಡಿದು ನಿಂತಿದ್ದಳು. ಮುದುಕಿ ಬಾಯಿಗೆ ಬಂದಂತೆ ಬೈದಳು. ಪ್ರಮೀಳಾ ತಲೆ ತಗ್ಗಿಸಿ ಎರಡೂ ಎಮ್ಮೆ ಕರೆದು, ಹಾಲನ್ನು ಜಗಲಿಯ ಮೇಲಿಟ್ಟು ಹೋದಳು. ಸಂಜೆ ಮತ್ತೆ ಬಂದಳು. ಎರಡು ತಿಂಗಳು ಹೀಗೇ ನಡೆಯಿತು, ಮಾತಿಲ್ಲದೆ. ಒಂದು ದಿನ ಚಿಕ್ಕಬೋರಮ್ಮ ತಾನಾಗಿ ಬಾಯಿ ಬಿಟ್ಟಳು: "ಕೆಚ್ಚಲು ತೊಳ್ದೇನಮ್ಮಿ?"

"ತೊಳ್ದೆ ಕಣವ್ವ."

ಅಲ್ಲಿಂದ ಮಾತು ಶುರುವಾಯಿತು. ಆದರೆ ಕೇಸು ನಿಲ್ಲಲಿಲ್ಲ. ನ್ಯಾಯಾಧೀಶರು ಎರಡು ಸಲ ರಾಜಿಗೆ ಕೇಳಿದರು. ಚಿಕ್ಕಬೋರಮ್ಮ ಎರಡು ಸಲವೂ ಆಗುವುದಿಲ್ಲ ಎಂದಳು. "ಎಮ್ಮೆ ಬ್ಯಾರೆ, ಕೇಸು ಬ್ಯಾರೆ" ಎಂಬುದು ಅವಳ ತೀರ್ಮಾನ. ವಾಯಿದೆಯ ದಿನ ಬೆಳಿಗ್ಗೆ ಪ್ರಮೀಳಾ ಅವಳ ಎಮ್ಮೆ ಕರೆದು, ಇಬ್ಬರೂ ಒಂದೇ ಬಸ್ಸು ಹತ್ತಿ, ಒಂದೇ ಕೋರ್ಟಿಗೆ ಹೋಗಿ, ಒಬ್ಬಳು ಫಿರ್ಯಾದಿಯಾಗಿ ಒಬ್ಬಳು ಆರೋಪಿಯಾಗಿ ನಿಂತು, ಮತ್ತೆ ಒಂದೇ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಕೋರ್ಟು ಕರೆಯುವವರೆಗೆ ಇಬ್ಬರೂ ಕೂರುತ್ತಿದ್ದುದು ಗಫಾರ್ ಸಾಹೇಬರ ಅಂಗಡಿಯ ಬೆಂಚಿನ ಮೇಲೆ. ಸುಮ್ಮನೆ ಕೂರಲಾರದೆ ಪ್ರಮೀಳಾ ಅಲ್ಲೇ ಟೈಪು ಕಲಿತಳು.

ಕೊನೆಗೆ ಅವಳ ವಕೀಲರು ಹೇಳಿಕೊಟ್ಟ ಮಾತನ್ನು ಅವಳು ಕಟಕಟೆಯಲ್ಲಿ ಹೇಳಲಿಲ್ಲ. "ಹೊಡ್ದಿದ್ದು ನಿಜ ಸ್ವಾಮಿ," ಎಂದಳು. ನ್ಯಾಯಾಧೀಶರು ತಪ್ಪಿತಸ್ಥೆ ಎಂದು ಬರೆದು, ಜೈಲಿಗೆ ಕಳಿಸದೆ, ಎರಡು ವರ್ಷ ಒಳ್ಳೆಯ ನಡತೆಯಲ್ಲಿರುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಚಿಕ್ಕಬೋರಮ್ಮನ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಆ ಕೈಯಲ್ಲಿ ಹಾಲು ಕರೆಯಲು ಮತ್ತೆ ಆಗಲೇ ಇಲ್ಲ. ಎಮ್ಮೆಗಳು ಬದಲಾದವು, ಕರೆಯುವವಳು ಬದಲಾಗಲಿಲ್ಲ.

ಇದೆಲ್ಲ ಆ ಸಣ್ಣ ವೃತ್ತದೊಳಗೆ ಹಿಡಿಯುವುದಿಲ್ಲ ಎಂದು ಪ್ರಮೀಳಾಗೆ ಅನ್ನಿಸಿತು. ಕುಮಾರ್ ಊಟದ ಡಬ್ಬಿ ಬಿಚ್ಚುತ್ತಿದ್ದ. ಅವಳು 'ಹೌದು' ಎಂಬುದನ್ನು ಒತ್ತಿ, ಅರ್ಜಿ ಕಳಿಸಿದಳು.

"ಒತ್ತೇಬುಟ್ಯಾ?" ಎಂದ ಕುಮಾರ್.

"ಊಂ."

ಅವನು ಮುದ್ದೆಯ ತಟ್ಟೆಯನ್ನು ಅವಳ ಕಡೆ ತಳ್ಳಿದ. "ಉಣ್ಣು ಮತ್ತೆ. ಆರೋಯ್ತದೆ."

ಮೂರು ವಾರದ ಮೇಲೆ ಕಾಲೇಜಿನಿಂದ ಪತ್ರ ಬಂತು. ತೀರ್ಪಿನ ನಕಲಿನೊಂದಿಗೆ ಪ್ರವೇಶ ಸಮಿತಿಯ ಮುಂದೆ ಹಾಜರಾಗಬೇಕು, ಸಮಿತಿಯ ತೀರ್ಮಾನವೇ ಅಂತಿಮ. ಪ್ರಮೀಳಾ ಅದನ್ನು ಚಿಕ್ಕಬೋರಮ್ಮನಿಗೆ ಹೇಳಲಿಲ್ಲ. ಎಪ್ಪತ್ತು ದಾಟಿದ ಜೀವ, ಮುಗಿದ ಸಂಗತಿಯನ್ನು ಅವಳ ಮುಂದೆ ಮತ್ತೆ ಯಾಕೆ ತೆಗೆಯುವುದು ಎಂದುಕೊಂಡಳು. ಹಾಜರಾಗಬೇಕಾದ ದಿನ ಬೆಳಿಗ್ಗೆ ಬೇಗ ಬಂದು ಎಮ್ಮೆ ಕರೆದು, "ಶ್ರೀರಂಗಪಟ್ಣದಲ್ಲಿ ಅಂಗ್ಡಿ ಕೆಲ್ಸ ಜಾಸ್ತಿ ಐತೆ" ಎಂದಷ್ಟೇ ಹೇಳಿ ಹೊರಟಳು. ಕಿರಂಗೂರಿನ ಸ್ಟಾಪಿನಲ್ಲಿ ನಾಗಮಂಗಲದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳೋ ಇಲ್ಲವೋ, ಹಿಂದೆಯೇ ಕಂಬಿ ಹಿಡಿದು ಚಿಕ್ಕಬೋರಮ್ಮ ಹತ್ತಿದಳು. ಮದುವೆ ಮನೆಗೆ ಮಾತ್ರ ಉಡುವ ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ.

"ಸರ್ಕಳಮ್ಮಿ," ಎಂದು ಪಕ್ಕದಲ್ಲಿ ಕೂತಳು.

"ಎತ್ತಗೆ ಒಂಟ್ರಿ ಅವ್ವ?"

"ನಾಗಮಂಗ್ಲಕ್ಕೆ. ನನ್ ತಂಗಿ ಅಣ್ಣಮ್ಮಂಗೆ ಮಂಡಿ ನೋವಂತೆ. ನೋಡ್ಕಂಡ್ ಬರವಾ ಅಂತ."

ತಂಗಿಯ ಮನೆಗೆ ಹೋಗುವಾಗ ಚಿಕ್ಕಬೋರಮ್ಮ ಒಂದು ಕ್ಯಾನಿನಲ್ಲಿ ಮೊಸರು, ಒಂದು ಚೀಲದಲ್ಲಿ ಅವರೆಕಾಯಿಯೋ ತೆಂಗಿನಕಾಯಿಯೋ ಹೊರದೆ ಹೋದವಳಲ್ಲ. ಇವತ್ತು ಬರಿಗೈ. ಪಾಂಡವಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಶಾಲೆಯ ಮಕ್ಕಳು ಹತ್ತಿದರು, ಇಳಿದರು. ಊರು ದಾಟಿ ಕಬ್ಬಿನ ಗದ್ದೆಗಳು ಕಾಣಿಸಿಕೊಂಡಾಗ ಮುದುಕಿ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು:

"ಕುಮಾರ ಏಳ್ದ."

"ಅವ್ನ ಬಾಯಿಗೆ ಬೀಗ ಆಕ್ಬೇಕು."

"ಅವ್ನಿಗ್ಯಾಕೆ ಬೈತೀಯೆ? ನಾನೇ ಕೇಳ್ದೆ. ಎಂಟು ದಿನದಿಂದ ಇವ್ಳು ಯಾಕಿಂಗವ್ಳೆ ಅಂತ." ದನಿ ತಗ್ಗಿಸಿದಳು. "ಜಡ್ಜು ಎರಡು ಕಿತ ಕೇಳುದ್ರು ಕಣಮ್ಮಿ, ರಾಜಿ ಆಯ್ತೀರಾ ಅಂತ. ನಾನು ಆಗಕಿಲ್ಲ ಅಂದೆ. ಅವತ್ತು ಊಂ ಅಂದಿದ್ರೆ ನಿಂಗೆ ಈ ಕಾಗ್ದ ಬತ್ತಿತ್ತಾ?"

"ನಿಮ್ಗೆ ಕ್ವಾಪ ಇತ್ತು. ಇರ್ಬಾರ್ದಾ?"

"ಇತ್ತು. ಆದ್ರೂವೆ, ನಿನ್ ಕೈಲಿ ಆಲು ಕರ್ಸ್ಕಂಡು, ನಿನ್ ಜೊತೇಲೇ ಬಸ್ಸಲ್ಲಿ ಓಗಿ ಅಂಗಂದ್ನಲ್ಲ. ಮನ್ಸಿಗೆ ಒಂಥರಾ ಆಯ್ತದೆ."

ಪ್ರಮೀಳಾ ಮುದುಕಿಯ ಸೊಟ್ಟ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾಗಮಂಗಲ ಬರುವವರೆಗೂ ಚಿಕ್ಕಬೋರಮ್ಮ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಾಲೇಜಿನ ಕಾರಿಡಾರಿನಲ್ಲಿ ಒಂದು ಬೆಂಚು ಹುಡುಕಿ ಪ್ರಮೀಳಾ ಅವಳನ್ನು ಕೂರಿಸಿದಳು. "ನೀವು ಒಳೀಕ್ ಬರ್ಬೇಡಿ ಅವ್ವ. ಇದು ನಾನು ಮಾಡಿದ್ದು, ನಾನೇ ಏಳ್ಬೇಕು," ಎಂದು ಕೈಮುಗಿದು ಒಳಗೆ ಹೋದಳು.

ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರಿದ್ದರು. ನಡುವೆ ಪ್ರಾಂಶುಪಾಲ ರಘುನಂದನ್. ಅವರ ಎಡಕ್ಕೆ ಅಧ್ಯಾಪಕಿ ಪುಟ್ಟತಾಯಮ್ಮ. ಬಲಕ್ಕೆ ಆಡಳಿತ ಮಂಡಳಿಯ ಪರವಾಗಿ ಬಂದಿದ್ದ ಬಿಳಿ ಮೀಸೆಯ ಹಿರಿಯ ವಕೀಲರು. ತೀರ್ಪಿನ ನಕಲು ಆ ವಕೀಲರ ಕೈಯಲ್ಲಿತ್ತು.

"ಈ ವರ್ಷ ನೂರ ಎಂಬತ್ತು ಅರ್ಜಿ ಬಂದಿವೆ ಅಮ್ಮ," ಎಂದರು ರಘುನಂದನ್. "ಹದಿನೇಳಕ್ಕೆ ಹೌದು ಅಂತ ಒತ್ತಿರೋರು ನೀವೊಬ್ಬರೇ."

"ಅಂದರೆ ಉಳಿದ ಯಾರ ಮೇಲೂ ಕೇಸಿಲ್ಲ," ಎಂದರು ವಕೀಲರು.

"ಇಲ್ಲ ಅಂತ ಒತ್ತೋದು ಸುಲಭ ಅಂತಲೂ ಇರಬಹುದಲ್ಲ ಸರ್," ಎಂದರು ಪುಟ್ಟತಾಯಮ್ಮ, ನಗದೆ.

ವಕೀಲರು ಕನ್ನಡಕ ಇಳಿಸಿ ಪ್ರಮೀಳಾಳನ್ನು ನೋಡಿದರು. "ಏನಾಯ್ತು ಅಂತ ನೀವೇ ಹೇಳಿ."

ಅವಳು ಹೇಳಿದಳು. ಎಮ್ಮೆ ಪೈರು ತಿಂದದ್ದು, ಬದುವಿನ ಮೇಲಿನ ಮಾತು, ಕೈಯಲ್ಲಿದ್ದ ಕಾವು. ಮಾವನ ಕಾಯಿಲೆಯನ್ನು ಹೇಳಲು ಬಾಯಿ ತೆರೆದು, ನೆಪ ಹೇಳಿದಂತಾಗುತ್ತದೆ ಅನ್ನಿಸಿ ಬಿಟ್ಟಳು.

"ಕೋರ್ಟಿನಲ್ಲಿ ಎದುರಿನವರು ಕೆಣಕುತ್ತಾರೆ. ದಿನಾ ಕೆಣಕುತ್ತಾರೆ," ಎಂದರು ವಕೀಲರು. "ನಲವತ್ತು ವರ್ಷದಿಂದ ನೋಡ್ತಿದ್ದೀನಿ. ನಿಮಗೆ ಈಗ ಸಿಟ್ಟು ಬರೋದಿಲ್ಲವಾ?"

"ಬರ್ತದೆ ಸರ್."

"ಬಂದರೆ?"

"ಕೈಯಲ್ಲಿರೋದನ್ನ ಮೊದಲು ಕೆಳಗಿಡ್ತೀನಿ. ಆಮೇಲೆ ಮಾತಾಡ್ತೀನಿ."

ಪುಟ್ಟತಾಯಮ್ಮ ಏನನ್ನೋ ಬರೆದುಕೊಂಡರು. ವಕೀಲರು ತೀರ್ಪಿನ ಹಾಳೆ ತಿರುಗಿಸುತ್ತಾ, "ಮಾತು ಚೆನ್ನಾಗಿದೆ. ಆದರೆ ನಿಮ್ಮ ನಡತೆ ಬಗ್ಗೆ ನೀವೇ ಹೇಳೋದನ್ನ ನಾವು ಎಷ್ಟರ ಮಟ್ಟಿಗೆ..." ಎನ್ನುತ್ತಿದ್ದಂತೆ ಬಾಗಿಲಲ್ಲಿ ಗಲಾಟೆಯಾಯಿತು. ಅಟೆಂಡರ್ "ಅಜ್ಜಿ, ಅಜ್ಜಿ" ಎನ್ನುತ್ತಿದ್ದ. ಅವನನ್ನು ಸೊಟ್ಟ ಕೈಯಿಂದಲೇ ಪಕ್ಕಕ್ಕೆ ಸರಿಸಿಕೊಂಡು ಚಿಕ್ಕಬೋರಮ್ಮ ಒಳಗೆ ಬಂದು ಮೇಜಿನ ಮುಂದೆ ನಿಂತಳು.

"ನಾನೇ ಸ್ವಾಮಿ, ಆ ಕಾಗ್ದದಲ್ಲಿರೋ ಚಿಕ್ಕಬೋರಮ್ಮ. ಒಡಿಸ್ಕಂಡೋಳು."

ವಕೀಲರು ಹುಬ್ಬು ಗಂಟಿಕ್ಕಿದರು. "ಇವರೇ ನಿಮ್ಮನ್ನು ಕರ್ಕೊಂಡು ಬಂದರಾ?"

"ಇವ್ಳು ಬಾಗ್ಲಲ್ಲಿ ಕೂರ್ಸಿ, ಒಳೀಕ್ ಬರ್ಬೇಡ ಅಂತ ಕೈ ಮುಗುದ್ಳು. ನಾನೇ ಕಿವಿಗೊಟ್ಟು ಕೇಳ್ತಾ ಕುಂತಿದ್ದೆ."

ರಘುನಂದನ್ ಎದ್ದು ಒಂದು ಕುರ್ಚಿ ಎಳೆದು ಕೊಟ್ಟರು. ಅವಳು ಕೂರಲಿಲ್ಲ. "ನೀವು ಇವರನ್ನು ಕ್ಷಮಿಸಿದ್ದೀರಾ ಅಜ್ಜಿ?" ಎಂದು ಮೆತ್ತಗೆ ಕೇಳಿದರು.

ಚಿಕ್ಕಬೋರಮ್ಮ ಯೋಚಿಸಿದಳು. ಪ್ರಮೀಳಾ ನೆಲ ನೋಡುತ್ತಿದ್ದಳು.

"ಅದೆಲ್ಲ ನಂಗೆ ಗೊತ್ತಾಗಕಿಲ್ಲ ಸ್ವಾಮಿ. ಒಡ್ದಿದ್ದು ಒಡ್ದಿದ್ದೇ. ಚಳಿಗಾಲದಲ್ಲಿ ಈ ಕೈ ಇನ್ನೂ ನೋಯ್ತದೆ, ಆವಾಗ ಇವ್ಳಿಗೆ ಬೈತೀನಿ. ಇವ್ಳು ಬೈಸ್ಕತಾ ಎಣ್ಣೆ ಉಜ್ತಾಳೆ." ಸೆರಗು ಸರಿಮಾಡಿಕೊಂಡಳು. "ಇವ್ಳ ನಡ್ತೆ ಎಂಗೆ ಅಂತ ಕೇಳ್ತಿದ್ರಲ್ಲ, ಅದ ಏಳ್ತೀನಿ. ಒಡ್ದ ಮೇಲೆ ಓಡೋಗ್ಲಿಲ್ಲ. ಆಸ್ಪತ್ರೆಗೆ ಕರ್ಕಂಡೋದ್ಳು. ಮಾರ್ನೇ ದಿನ ಬೆಳಿಗ್ಗೆ ಆಲು ಕರೆಯಾಕೆ ಬಂದ್ಳು. ಉಗ್ದೆ. ಸಂಜೆ ಮತ್ತೆ ಬಂದ್ಳು. ಇವತ್ತು ಬೆಳಿಗ್ಗೇನೂ ಬಂದಿದ್ಳು. ನನ್ ಪರವಾಗಿ ಕೇಸು ಆಕ್ಸುದ್ರಲ್ಲ ಅಣ್ಣನ ಮಕ್ಳು, ಅವ್ರು ಒಂದಿನ ಬಂದು ಎಮ್ಮೆಗೆ ಉಲ್ಲು ಆಕ್ಲಿಲ್ಲ."

"ಕೋರ್ಟಿನಲ್ಲಿ ನೀವೇ ಇವರ ವಿರುದ್ಧ ಸಾಕ್ಷಿ ಹೇಳಿದ್ದೀರಲ್ಲ," ಎಂದರು ವಕೀಲರು, ಹಾಳೆಯ ಮೇಲೆ ಬೆರಳಿಟ್ಟು.

"ಏಳ್ದೆ. ನಿಜ ತಾನೆ ಏಳಿದ್ದು? ಈಗ ಏಳ್ತಿರೋದೂ ನಿಜಾನೇ. ಅದ್ನ ನಂಬಿ ಬರ್ಕಂಡ್ರಿ, ಇದ್ನೂ ಬರ್ಕಳಿ." ಅವಳು ಸೊಟ್ಟ ಕೈಯನ್ನು ಮೇಜಿನ ಮೇಲಿಟ್ಟಳು. "ಇವ್ಳ ಕೆಟ್ಟ ಗಳಿಗೆ ಕಂಡಿರೋಳು ಈ ಪರ್ಪಂಚದಲ್ಲಿ ನಾನೊಬ್ಳೇ ಸ್ವಾಮಿ. ನಾನೇ ಓದ್ಲಿ ಅಂತೀನಿ. ನಿಮ್ಗೇನು?"

ವಕೀಲರು ತೀರ್ಪಿನ ನಕಲನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ತಾವೇ ಎದ್ದು ಮೇಜಿನ ಈಚೆ ಬಂದು, "ಕೂತ್ಕೊಳಿ ತಾಯಿ," ಎಂದು ಕುರ್ಚಿಯನ್ನು ಅವಳ ಹಿಂದಕ್ಕೆ ಸರಿಸಿದರು. ಪುಟ್ಟತಾಯಮ್ಮ ಅಟೆಂಡರನಿಗೆ ನೀರು ತರಲು ಹೇಳಿದರು. ತೀರ್ಮಾನವನ್ನು ಅಂಚೆಯಲ್ಲಿ ತಿಳಿಸುತ್ತೇವೆ ಎಂದರು ರಘುನಂದನ್.

ಹೊರಗೆ ಬಂದ ಮೇಲೆ ಪ್ರಮೀಳಾ ಗೋಡೆಗೆ ಒರಗಿ ಅತ್ತುಬಿಟ್ಟಳು. ಅಷ್ಟು ವರ್ಷ ಕೇಸಿನ ಸುತ್ತ ಓಡಾಡುವಾಗಲೂ ಅವಳು ಹಾಗೆ ಅತ್ತವಳಲ್ಲ. ಚಿಕ್ಕಬೋರಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಸುಮ್ನಿರಮ್ಮಿ. ಎಲ್ರೂ ನೋಡ್ತಾವ್ರೆ. ನಡಿ, ಅಣ್ಣಮ್ಮನ ಮನೇಲಿ ಉಂಡ್ಕಂಡ್ ಓಗವಾ. ಅವ್ಳಿಗೆ ಮಂಡಿ ನೋವಿರೋದೂ ನಿಜವೇಯಾ."

ಹದಿನೈದು ದಿನದ ಮೇಲೆ ಪತ್ರ ಬಂತು. ಅಂಗಡಿಯ ವಿಳಾಸಕ್ಕೇ ಬಂದದ್ದರಿಂದ ಗಫಾರ್ ಸಾಹೇಬರೇ ಒಡೆದು, ನಿಂತುಕೊಂಡೇ ಓದಿದರು. ಪ್ರವೇಶ ಕೊಡಲಾಗಿದೆ. ಅವರು ಪತ್ರವನ್ನು ಕಣ್ಣಿಗೊತ್ತಿಕೊಂಡು, ಎದುರಿನ ಹೋಟೆಲಿಗೆ ಕೂಗಿ ಬೀದಿಯಲ್ಲಿದ್ದವರಿಗೆಲ್ಲ ಟೀ ಹೇಳಿದರು. ಕುಮಾರ್ ಆಟೊದಲ್ಲಿ ಸಿಮೆಂಟಿನ ಮೂಟೆ ಇದ್ದಂತೆಯೇ ಓಡಿ ಬಂದ. "ಅವತ್ತು ಇಲ್ಲ ಅಂತ ಒತ್ತು ಅಂದ್ನಲ್ಲ, ನನ್ ಮಾತು ಕೇಳ್ಬೇಡ ಕಣೇ ಇನ್ಮೇಲೆ," ಎಂದು ನಗುತ್ತಾ ಕಣ್ಣೊರೆಸಿಕೊಂಡ.

ಟೀ ಕುಡಿಯುತ್ತಾ ಗಫಾರ್ ಸಾಹೇಬರು ಒಂದು ಮಾತು ಹೇಳಿದರು. ಮೂರು ವರ್ಷ ಓದಿ ಮುಗಿಸಿದ ಮೇಲೆ ವಕೀಲಳಾಗಿ ಹೆಸರು ನೋಂದಾಯಿಸುವಾಗ ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. "ಕೇಳ್ಲಿ ಸಾಹೇಬ್ರೆ, ಆಗ್ಲೂ ಹೌದು ಅಂತೀನಿ," ಎಂದಳು ಪ್ರಮೀಳಾ. ಅದನ್ನು ಆ ಸಂಜೆ ಹಾಲು ಕರೆಯುವಾಗ ಚಿಕ್ಕಬೋರಮ್ಮನಿಗೂ ಹೇಳಿದಳು. ಮುದುಕಿ ಹಾಲಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ಚಿಕ್ಕಬೋರಮ್ಮ ಅಂಗಡಿಗೆ ಬಂದು ಗಫಾರ್ ಸಾಹೇಬರ ಎದುರು ಕೂತಳು. "ಸಾಯೇಬ್ರೆ, ನಾನು ಕಾಲೇಜಲ್ಲಿ ಏಳಿದ್ನೆಲ್ಲ ಒಂದು ಕಾಗ್ದದಲ್ಲಿ ಬರೀರಿ. ಮೂರು ವರ್ಸಕ್ಕೆ ನಾನಿರ್ತೀನೋ ಇಲ್ವೋ. ಅವತ್ತು ಕೇಳುದ್ರೆ ಇವ್ಳ ಕೈಲಿ ಇರ್ಲಿ."

ಗಫಾರ್ ಸಾಹೇಬರು ಪ್ರಮೀಳಾಳ ಕಡೆ ನೋಡಿದರು. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟಳು, ಆದರೆ ಪರದೆ ಸರಿಯಾಗಿ ಕಾಣಿಸುತ್ತಿರಲಿಲ್ಲ. "ಏಳು ಬೇಟಿ, ಇದು ನೀನು ಟೈಪ್ ಮಾಡೋದಲ್ಲ," ಎಂದು ಅವರೇ ಆ ಕುರ್ಚಿಯಲ್ಲಿ ಕೂತರು. ಎರಡು ಬೆರಳಿನಲ್ಲಿ ನಿಧಾನಕ್ಕೆ ಒತ್ತುತ್ತಾ ಗಟ್ಟಿಯಾಗಿ ಓದಿದರು: "ಕಿರಂಗೂರು ಗ್ರಾಮದ ವಾಸಿ ಚಿಕ್ಕಬೋರಮ್ಮ ಆದ ನಾನು ಪ್ರಮಾಣ ಮಾಡಿ ತಿಳಿಸುವುದೇನೆಂದರೆ, ಸದರಿ ಪ್ರಮೀಳಾ ಎಂಬುವರು..."

"ಅದ್ಯಾರು ಸದರಿ?" ಎಂದಳು ಚಿಕ್ಕಬೋರಮ್ಮ.

"ಕಾಗದದಲ್ಲಿ ಹಾಗೆ ಬರೀತಾರೆ ಅಮ್ಮ."

"ತಗೀರಿ ಅದ್ನ. ನಮ್ ಪ್ರಮೀಳಾ ಅಂತ ಬರೀರಿ."

ಗಫಾರ್ ಸಾಹೇಬರು ಒಂದೊಂದೇ ಅಕ್ಷರ ಅಳಿಸಿ, ಅವಳು ಹೇಳಿದಂತೆಯೇ ಬರೆದರು.